ಮಲಗಿಸಿಟ್ಟ ಪರದೆ

"ಮೊದಲು ಎಂಟರ್ ಒತ್ಬೇಕು ತಾಯಿ. ಅದನ್ನ ಬಿಟ್ಟು ನೀವು ತಲೆಕೆಳಗಾಗಿ ನಿಂತ್ರೂ ಅದು ನಿಮ್ಮನ್ನ ಹೊರಗೆ ಬಿಡಲ್ಲ," ಎಂದರು ಮೇಷ್ಟ್ರು.

ಇನ್‌ಸ್ಪೆಕ್ಟರಮ್ಮ ಕೀಲಿಮಣೆಯಿಂದ ಬೆರಳೆತ್ತಿದರು. ಪರದೆಯ ಕೆಳತುದಿಯಲ್ಲಿ 'ತಿಳಿಯದ ಕೀ' ಎಂಬ ಸಾಲು ಮತ್ತೊಮ್ಮೆ ಮೂಡಿ ಮಾಯವಾಯಿತು.

"ಆ ಅಲೆ ಗುರುತು (~) ಒತ್ತಿದೆನಲ್ಲ. ಆಮೇಲೆ ಕಂಟ್ರೋಲ್ ಹಿಡಿದು ಝಡ್ ಒತ್ತಿದೆ. ನೀವು ಹೇಳಿದ್ದೂ ಅಷ್ಟೇ ತಾನೆ?"

"ನಾನು ಹೇಳಿದ್ದು ಮೂರು, ನೀವು ಕೇಳಿಸ್ಕೊಂಡಿದ್ದು ಎರಡು. ಬೇಜಾರು ಮಾಡ್ಕೋಬೇಡಿ. ಬರೀ ನೋಡಿ ಕಲಿತವರೆಲ್ಲ ಇದೇ ತಪ್ಪು ಮಾಡ್ತಾರೆ. ಅಲೆ ಗುರುತು ಮೇಲಿನ ಮೂಲೆಯಲ್ಲಿದೆ, ಬೆರಳು ಅಲ್ಲಿಗೆ ಹೋಗೋದು ಕಣ್ಣಿಗೆ ಬೀಳುತ್ತೆ. ಅದಕ್ಕೆ ಮುಂಚೆ ಕಿರುಬೆರಳು ಎಂಟರ್ ಮುಟ್ಟಿದ್ದು ಯಾರ ಕಣ್ಣಿಗೂ ಬೀಳಲ್ಲ."

ಮೇಷ್ಟ್ರು ನೀರಿನ ಕೇಂದ್ರದ ಈ ಕೋಣೆಯಲ್ಲೇ ಕೂದಲು ನರೆಸಿಕೊಂಡು ನಿವೃತ್ತರಾದವರು. ಇಲ್ಲಿ ಕೂತು ದೂರದ ಯಂತ್ರಗಳಿಗೆ ಕೆಲಸ ಹೇಳುವುದನ್ನು ಕಲಿತವರೆಲ್ಲ ಅವರ ಕೈಕೆಳಗೆ ಕಲಿತವರು. ಇವತ್ತು ಪೊಲೀಸರ ಜೀಪು ಮನೆ ಮುಂದೆ ನಿಂತಾಗ ಚಪ್ಪಲಿ ಅದಲು ಬದಲು ಹಾಕಿಕೊಂಡು ಬಂದುಬಿಟ್ಟಿದ್ದರು. ಎಡಗಾಲಲ್ಲಿ ಕಂದು, ಬಲಗಾಲಲ್ಲಿ ಕಪ್ಪು. ಯಾರೂ ಹೇಳಿರಲಿಲ್ಲ. ಹೇಳುವ ದಿನ ಅದಾಗಿರಲಿಲ್ಲ.

ಮಂಗಳವಾರ ಮಧ್ಯಾಹ್ನ ನೀರಿನ ಕೇಂದ್ರದ ಆಳದ ಬಾವಿಗೆ ದುರಸ್ತಿಗೆಂದು ಇಳಿದಿದ್ದ ಫಿಟ್ಟರ್ ಮೇಲೆ ಒಮ್ಮೆಗೇ ನೀರು ನುಗ್ಗಿ ಆತ ತೀರಿಕೊಂಡಿದ್ದ. ವಾಲ್ವ್ ತೆರೆಯುವ ಆಜ್ಞೆ ಹೋಗಿದ್ದು ಇದೇ ಕುರ್ಚಿಯಿಂದ. ಇದರಲ್ಲಿ ಕೂರುತ್ತಿದ್ದವಳು ಸತ್ತವನ ಒಡಹುಟ್ಟಿದ ತಂಗಿ.

ಆಳು ಸಣ್ಣ, ಮಾತು ಜಾಸ್ತಿ. ಹಾಗಾಗಿ ಕೇಂದ್ರದವರೆಲ್ಲ ಅವಳನ್ನು ಗುಬ್ಬಿ ಎನ್ನುತ್ತಿದ್ದರು. ಆ ಗುಬ್ಬಿ ಈಗ ಹೊರಗಿನ ಓಣಿಯ ಬೆಂಚಿನ ಮೇಲೆ ಕಾನ್‌ಸ್ಟೇಬಲ್ ಪಕ್ಕದಲ್ಲಿ ಕೂತಿದ್ದಾಳೆ. ಮಂಗಳವಾರದಿಂದ ಒಂದು ಮಾತೂ ಆಡಿಲ್ಲ. ಕಚೇರಿ ಮುಚ್ಚುವುದರೊಳಗೆ ಅವಳನ್ನು ಕೊಲೆ ಆರೋಪದ ಮೇಲೆ ಕರೆದೊಯ್ಯಬೇಕು ಎಂದು ಮೇಲಿನವರ ಫೋನು ಬಂದಾಗಿತ್ತು.

"ಮೇಷ್ಟ್ರೇ, ನನಗೆ ಈ ಕಂಪ್ಯೂಟರ್ ಅಂದ್ರೆ ತಲೆಗೆ ಹತ್ತಲ್ಲ. ಚಿಕ್ಕ ಮಕ್ಕಳಿಗೆ ಹೇಳೋ ಹಾಗೆ ಹೇಳಿ. ಈ ಅಲೆ ಗುರುತು ಯಾಕೆ?"

ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು.

"ಈಗ ನೀವು ಇಲ್ಲಿ ಕೂತು ಒತ್ತೋದೆಲ್ಲ ಎಲ್ಲಿಗೆ ಹೋಗುತ್ತೆ? ಆಚೆ ಬಾವಿ ಹತ್ತಿರ ಇರೋ ಯಂತ್ರಕ್ಕೆ. ಸರಿ. ಹಾಗಾದ್ರೆ ನಿಮ್ಮ ಮುಂದೆ ಇರೋ ಈ ಯಂತ್ರಕ್ಕೆ 'ಸಾಕು ಕಣಪ್ಪ, ನನ್ನ ವಾಪಸ್ ಕರ್ಕೋ' ಅಂತ ಹೇಳೋದು ಹ್ಯಾಗೆ? ಏನು ಒತ್ತಿದ್ರೂ ಆ ಕಡೆಗೇ ಓಡಿಬಿಡುತ್ತಲ್ಲ."

"ಹೌದಲ್ವಾ."

"ಅದಕ್ಕೆ ಒಂದು ಸನ್ನೆ. ಮನೆಗೆ ನೆಂಟರು ಬಂದಿರ್ತಾರೆ, ಮಗು ತಟ್ಟೆಗೆ ಕೈ ಹಾಕುತ್ತೆ, ಅಮ್ಮ ಕಣ್ಣಲ್ಲೇ ಬೇಡ ಅಂತಾಳೆ. ನೆಂಟರಿಗೆ ಗೊತ್ತಾಗಲ್ಲ, ಮಗುವಿಗೆ ಗೊತ್ತಾಗುತ್ತೆ. ಇದೂ ಹಾಗೇ. ಹೊಸ ಸಾಲಿಗೆ ಬಂದು ಅಲೆ ಗುರುತು ಒತ್ತಿದ್ರೆ ಈ ಕಡೆಯ ಯಂತ್ರ ಕಿವಿ ನೆಟ್ಟಗೆ ಮಾಡುತ್ತೆ. ಆಮೇಲೆ ಒತ್ತೋ ಕೀಯನ್ನ ತಾನೇ ನುಂಗಿ ಕೆಲಸ ಮಾಡುತ್ತೆ. ಆ ಕಡೆಗೆ ಸುದ್ದಿನೇ ಹೋಗಲ್ಲ. ಹೊಸ ಸಾಲಲ್ಲಿ ಇಲ್ದಿದ್ರೆ ಮಾತ್ರ, ಅಲೆ ಗುರುತೂ ಎಲ್ಲದರ ಜೊತೆ ಆ ಕಡೆ ಹೋಗಿ 'ತಿಳಿಯದ ಕೀ' ಅನ್ನಿಸ್ಕೊಳ್ಳುತ್ತೆ. ಈಗ ನಿಮಗಾಯ್ತಲ್ಲ, ಹಾಗೆ."

"ಆಮೇಲೆ ಒತ್ತೋ ಕೀ ಅಂದ್ರೆ ಯಾವುದು? ಝಡ್ ಒಂದೇನಾ?"

"ಅಲ್ಲೇ ಇರೋದು ವ್ಯತ್ಯಾಸ. ಚುಕ್ಕೆ ಒತ್ತಿದ್ರೆ ಸಂಪರ್ಕ ಕಡಿದುಹೋಯ್ತು, ಬಾಗಿಲು ಮುಚ್ಚಿ ಬೀಗ ಹಾಕಿದ ಹಾಗೆ. ಕಂಟ್ರೋಲ್ ಝಡ್ ಒತ್ತಿದ್ರೆ ಮುಚ್ಚಲ್ಲ. ಮಲಗುತ್ತೆ. ನಿಮ್ಮ ಕಣ್ಣಿಗೆ ಹೊರಗೆ ಬಂದ ಹಾಗೆ ಕಾಣುತ್ತೆ. ಆ ಕಡೆಯ ಯಂತ್ರ ಮಾತ್ರ, ಇವರು ಇನ್ನೂ ಕೂತಿದಾರೆ, ಸುಮ್ಮನಿದಾರೆ, ಅಷ್ಟೇ, ಅಂದ್ಕೊಂಡಿರುತ್ತೆ."

ಇನ್‌ಸ್ಪೆಕ್ಟರಮ್ಮ ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಸರಿದರು.

"ಮಲಗಿದ್ದನ್ನ ಎಬ್ಬಿಸೋದು?"

"ಎಫ್, ಜಿ. ಎರಡಕ್ಷರ, ಒಂದು ಎಂಟರ್. ಎದ್ದು ಕೂರುತ್ತೆ."

"ಯಾರು ಬೇಕಾದ್ರೂ ಎಬ್ಬಿಸಬಹುದಾ? ಪಾಸ್‌ವರ್ಡು, ಗುಟ್ಟಿನ ನಂಬರು ಏನೂ ಕೇಳಲ್ವಾ?"

"ಮಲಗಿರೋರನ್ನ ಎಬ್ಬಿಸೋಕೆ ಹೆಸರು ಯಾಕೆ ಕೇಳ್ಬೇಕು ತಾಯಿ. ಈ ಕುರ್ಚಿಯಲ್ಲಿ ಯಾರು ಕೂತರೆ ಅವರೇ."

ಬಾಗಿಲಲ್ಲಿ ನಿಂತಿದ್ದ ಸೂಪರ್‌ವೈಸರ್ ಕೆಮ್ಮಿದ. ಒಳಗೆ ಬರಲಿಕ್ಕೂ ಇಷ್ಟವಿಲ್ಲ, ಹೊರಗೆ ಹೋಗಲಿಕ್ಕೂ ಮನಸ್ಸಿಲ್ಲ ಎನ್ನುವ ಹಾಗೆ ಬೆಳಗಿನಿಂದ ಹೊಸಿಲಲ್ಲೇ ಇದ್ದ.

"ನಮ್ಮಲ್ಲಿ ಎಲ್ರೂ ಹಾಗೇ ಮಾಡೋದು ಮೇಡಂ," ಎಂದ. "ಹೊಸದಾಗಿ ಒಳಗೆ ಹೋಗ್ಬೇಕಂದ್ರೆ ನನ್ನ ಡ್ರಾಯರ್‌ನಲ್ಲಿರೋ ಗುಟ್ಟಿನ ನಂಬರ್ ತೋರಿಸೋ ಪೆಟ್ಟಿಗೆ ಬೇಕು. ನಾನು ಊಟಕ್ಕೆ ಹೋದ್ರೆ ಡ್ರಾಯರ್‌ಗೆ ಬೀಗ. ಅದಕ್ಕೇ ಯಾರೂ ಪೂರ್ತಿ ಕಡಿಯಲ್ಲ. ಮಲಗಿಸಿ ಏಳ್ತಾರೆ. ಹೊರಗೆ ಬಂದೆ ಅಂತಾನೇ ಅನ್ನೋದು."

"ಇದನ್ನ ನನಗೆ ಮೊದಲೇ ಯಾಕೆ ಹೇಳಲಿಲ್ಲ ನೀವು?"

"ನೀವು ಕೇಳಲಿಲ್ಲ. ಯಂತ್ರದಿಂದ ತೆಗೆದ ದಾಖಲೆ ಕಾಗದದ ಮೇಲೆ ಒಬ್ಬರೇ ಒಳಗಿದ್ದರು ಅಂತಿತ್ತು. ನಾನೂ ಅದನ್ನೇ ಓದಿದೆ."

ಇನ್‌ಸ್ಪೆಕ್ಟರಮ್ಮ ಬೇಜಾರಾದಾಗ ಬಳೆ ತಿರುವುತ್ತಾರೆ. ಈಗ ತಿರುವಿದರು. ಅವನದು ತಪ್ಪಿದ್ದರೂ ಒಂದು ಮಾತು ಸರಿ. ಕೇಳದೇ ಇದ್ದದ್ದು ತಾವೇ.

ಬಾವಿ ಬದಿಯ ಯಂತ್ರ ನೆನಪಿಟ್ಟುಕೊಂಡಿದ್ದು ಇಷ್ಟು: ಗುಬ್ಬಿ ಅಣ್ಣನಿಗಾಗಿ ಮೂರನೇ ವಾಲ್ವನ್ನು ಮುಚ್ಚಿದ್ದಾಳೆ. ಆಮೇಲೆ ಬರೀ ಎರಡು ಖಾಲಿ ಎಂಟರ್. ಆಮೇಲೆ ಮೌನ. ಮೌನದ ನಂತರ ಮೂರನೇ ವಾಲ್ವ್ ತೆರೆದಿದೆ. ಸ್ವಲ್ಪ ಹೊತ್ತಾದ ಮೇಲೆ ಮುಚ್ಚಿದೆ. ಕೂಡಲೇ ಎರಡು 'ತಿಳಿಯದ ಕೀ', ಒಂದು ಖಾಲಿ ಎಂಟರ್, ಮತ್ತೆ ಮೌನ.

ತೆರೆದು, ಕಾದು, ಮುಚ್ಚಿದ್ದಾಳೆ. ಕೈತಪ್ಪಿದ್ದಲ್ಲ, ಬೇಕೆಂದೇ ಮಾಡಿದ್ದು ಎಂದು ಮೇಲಿನವರು ತೀರ್ಮಾನಿಸಿದ್ದೂ ಇದರಿಂದಲೇ. ಅದಕ್ಕೆ ಸರಿಯಾಗಿ, ಹಿಂದಿನ ವಾರ ಕ್ಯಾಂಟೀನಿನಲ್ಲಿ ಅಣ್ಣತಂಗಿಯ ಜಗಳ. ತಂಗಿಗೆ ಗೊತ್ತಾಗಿದ್ದ ಮದುವೆಯನ್ನು ಅಣ್ಣ ಮುರಿದುಬಂದಿದ್ದ. "ಇವತ್ತಿಂದ ನೀನು ನನ್ನ ಪಾಲಿಗೆ ಸತ್ತೆ" ಎಂದು ಗುಬ್ಬಿ ಕೂಗಿದ್ದನ್ನು ಪಾತ್ರೆ ತೊಳೆಯುವವರೂ ಕೇಳಿಸಿಕೊಂಡಿದ್ದರು.

ಮೇಷ್ಟ್ರು ಕಾಗದದ ಮೇಲೆ ಬಗ್ಗಿದರು. ಬೆರಳಿಟ್ಟು ಓದುತ್ತ ಹೋದವರು ಎರಡು ಖಾಲಿ ಎಂಟರ್ ಬಂದಾಗ ನಿಂತರು.

"ಇದು ನನ್ನ ಗುಬ್ಬಿ."

"ಹೇಗೆ ಹೇಳ್ತೀರಾ?"

"ಅವಳಿಗೆ ಒಂದು ಸಲ ಒತ್ತಿದ್ರೆ ಸಮಾಧಾನ ಇಲ್ಲ. ಬೀಗ ಹಾಕಿ ಮತ್ತೆ ಜಗ್ಗಿ ನೋಡಲ್ವಾ ಕೆಲವರು, ಹಾಗೆ. ಎಷ್ಟು ಬೈದಿದೀನಿ. 'ಒಂದು ಸಾಕು ಕಣೇ' ಅಂದ್ರೆ, 'ಇನ್ನೊಂದು ನಿಮ್ಮ ಹೆಸರಲ್ಲಿ ಮೇಷ್ಟ್ರೇ' ಅನ್ನೋಳು."

ನಗಲು ಹೊರಟ ಅವರ ಮುಖ ನಗಲಾರದೆ ಹೋಯಿತು. ಬೆರಳು ಕೆಳಗಿಳಿಯಿತು.

"ಇದು ಅವಳಲ್ಲ."

"ಎರಡು ತಿಳಿಯದ ಕೀ?"

"ಅಲೆ, ಝಡ್. ಎಂಟರ್ ಒತ್ತದೆ ನೇರ ಅಲ್ಲಿಗೇ ಕೈ ಹಾಕಿದಾರೆ. ಆ ಬಾವಿ ಬದಿಯ ಪರದೆಯಲ್ಲಿ ಮೂರು ಒತ್ತು, ಎಂ ಒತ್ತು, ವಾಲ್ವ್ ಮುಚ್ಚುತ್ತೆ, ಎಂಟರೇ ಬೇಕಿಲ್ಲ. ಹಾಗಾಗಿ ಕೊನೆಗೆ ಎಂಟರ್ ಒತ್ತೋದು ನೆನಪಿಟ್ಟು ಮಾಡ್ಬೇಕಾದ ಕೆಲಸ. ನನ್ನ ಹತ್ತಿರ ಕಲಿತ ಯಾರೂ ಅದನ್ನ ಮರೆಯಲ್ಲ ತಾಯಿ, ನಿದ್ದೆಯಲ್ಲೂ ಮರೆಯಲ್ಲ. ಇದು ಬೇರೆಯವರ ಭುಜದ ಹಿಂದೆ ನಿಂತು, ನೋಡಿ ಕಲಿತ ಕೈ. ಈಗಷ್ಟೇ ನೀವು ಮಾಡಿದ ತಪ್ಪು. ಅದೇ ಜಾಗ, ಅದೇ ತಪ್ಪು."

ಇನ್‌ಸ್ಪೆಕ್ಟರಮ್ಮ ಉಸಿರು ಬಿಟ್ಟರು. ಗುಬ್ಬಿಯ ಕೈ ಅಲ್ಲವೆಂದು ಅವರಿಗೆ ಬೆಳಿಗ್ಗೆಯಿಂದಲೇ ಅನಿಸುತ್ತಿತ್ತು. ಕಾರಣ ಒಂದು ಟಾರ್ಚು.

ಆ ಟಾರ್ಚು ಬಾವಿಯ ಬಾಯಲ್ಲಿ, ಏಣಿಯ ಮೇಲುಗಡೆ ಸಿಕ್ಕಿತ್ತು. ಒಣಗಿತ್ತು. ಫಿಟ್ಟರ್ ಅದನ್ನು ಇಳಿಯುವಾಗ ಒಯ್ದಿದ್ದರೆ ಅದು ಅವನ ಜೊತೆ ನೀರಿನ ತಳದಲ್ಲಿರಬೇಕಿತ್ತು. ಅದು ಯಾವಾಗಲೂ ಚಾರ್ಜಿಗೆ ಇರುತ್ತಿದ್ದುದು ಇದೇ ಮೇಜಿನ ಕೆಳಗೆ. ಅಣ್ಣ ಅದನ್ನು ಮರೆತು ಬಾವಿಗೆ ಹೋಗಿದ್ದಾನೆ. ತಂಗಿ ನೋಡಿದ್ದಾಳೆ. ಸತ್ತೆ ಎಂದು ತಾನೇ ಕೂಗಿ ಮಾತು ಬಿಟ್ಟಿದ್ದರೂ, ಅಣ್ಣ ಕತ್ತಲಲ್ಲಿ ಕೆಲಸ ಮಾಡಬಾರದೆಂದು ಟಾರ್ಚು ಹಿಡಿದು ಓಡಿದ್ದಾಳೆ. ಅವಳು ಬಾವಿಯ ಬಾಯಲ್ಲಿ ನಿಂತಿದ್ದಾಗಲೇ ಕೆಳಗೆ ನೀರು ನುಗ್ಗಿದೆ.

"ನೀವು ಅಲ್ಲಿಗೆ ಹೋದಾಗ ಅವಳು ಹೇಗಿದ್ದಳು ಅಂದ್ರಿ?" ಎಂದು ಸೂಪರ್‌ವೈಸರನನ್ನು ಮತ್ತೆ ಕೇಳಿದರು.

"ಬೋರಲು ಬಿದ್ದಿದ್ಲು. ಒಂದು ಕೈ ಬಾವಿಯೊಳಗೆ ಚಾಚಿ. ನಾನು... ನಾಟಕ ಅಂದ್ಕೊಂಡೆ ಮೇಡಂ. ಕ್ಯಾಂಟೀನ್ ಮಾತು ಕಿವಿಯಲ್ಲಿತ್ತು." ಅವನು ನೆಲ ನೋಡಿದ. "ಪಂಪುಗಳ ಸದ್ದಲ್ಲಿ ಅವಳು ಯಾವಾಗಿಂದ ಕೂಗ್ತಿದ್ಲೋ."

ಫ್ಯಾನು ತಿರುಗುತ್ತಿತ್ತು.

"ಹಾಗಾದ್ರೆ ಈ ಹುಡುಗಿ ಯಾಕೆ ಬಾಯಿಗೆ ಬೀಗ ಹಾಕ್ಕೊಂಡು ಕೂತಿದೆ?" ಎಂದರು ಮೇಷ್ಟ್ರು. "'ನಾನು ಅಲ್ಲಿದ್ದೆ, ಇಲ್ಲಿರಲಿಲ್ಲ' ಅಂದ್ರೆ ಮುಗೀತಲ್ಲ."

ಇನ್‌ಸ್ಪೆಕ್ಟರಮ್ಮ ತಮ್ಮ ಚೀಲದಿಂದ ಒಂದು ಗಾಜಿನ ಬಾಟಲಿ ತೆಗೆದು ಮೇಜಿನ ಮೇಲಿಟ್ಟರು.

"ಇದು ಏನು ಹೇಳಿ. ಬೆಳಿಗ್ಗೆ ಇಲ್ಲೇ, ಗುಬ್ಬಿಯ ಬೀರುವಿನಲ್ಲಿ ಸಿಕ್ತು. ಟಿಫಿನ್ ಡಬ್ಬಿಯ ಹಿಂದೆ, ಬಟ್ಟೆಯಲ್ಲಿ ಸುತ್ತಿಟ್ಟಿದ್ಲು. ಖಾಲಿ. ನನಗೆ ಇದರ ತಲೆಬುಡ ಗೊತ್ತಾಗಲಿಲ್ಲ."

ಬಾಟಲಿಯ ಮೇಲೆ ಅಂಟಿಸಿದ ಚೀಟಿಯಲ್ಲಿ ದುಂಡಗಿನ ಅಕ್ಷರ: ಶೋಧಕ ಮನೆ, ಮಂಗಳವಾರ.

"ಇದು ಲ್ಯಾಬ್‌ದು," ಎಂದ ಸೂಪರ್‌ವೈಸರ್, ಸುಲಭದ ಪ್ರಶ್ನೆ ಸಿಕ್ಕಿದ ಖುಷಿಯಲ್ಲಿ. "ನೀರು ಚೆನ್ನಾಗಿದೆಯಾ ಅಂತ ದಿನಾ ನೋಡ್ತಾರಲ್ಲ. ನೀರು ಸೋಸೋ ಶೋಧಕ ಮನೆಯಿಂದ ಲ್ಯಾಬ್ ಸಿಂಕಿಗೆ ಒಂದು ಸಣ್ಣ ಪೈಪು ಇದೆ. ಲ್ಯಾಬಿನವರು ಬಂದು ಕೇಳ್ತಾರೆ, ಆಪರೇಟರ್ ಶೋಧಕ ಮನೆ ಪರದೆಗೆ ಹೋಗಿ ಮೂರನೇದು ತೆರೀತಾರೆ, ಬಾಟಲಿ ತುಂಬ್ತಾರೆ, ಮುಚ್ತಾರೆ. ಅಷ್ಟೇ."

"ಮೂರನೇದು," ಎಂದರು ಇನ್‌ಸ್ಪೆಕ್ಟರಮ್ಮ.

"ಹೌದು. ಶೋಧಕ ಮನೆಯಲ್ಲಿ ಮೂರು ಅಂದ್ರೆ ಲ್ಯಾಬಿನ ನಲ್ಲಿ. ಬಾವಿಯಲ್ಲಿ ಮೂರು ಅಂದ್ರೆ..."

ಅವನು ಹೊಸಿಲು ದಾಟಿ ಬಂದು ಕಾಗದದ ಮೇಲೆ ಬಗ್ಗಿದ.

ಮೇಷ್ಟ್ರು ಪರದೆಯ ಮೂಲೆಗೆ ಮುಖ ಹಚ್ಚಿ ನೋಡಿದರು. ಎರಡೂ ಕಡೆಗೆ ಒಂದೇ ಥರದ ಪರದೆ, ಒಂದೇ ಬಣ್ಣ, ಅವೇ ಸಾಲುಗಳು. ಯಾವ ಜಾಗವೆಂಬ ಹೆಸರು ಮಾತ್ರ ಮೂಲೆಯಲ್ಲಿ, ಇರುವೆ ಗಾತ್ರದಲ್ಲಿ.

"ಆ ಹೊತ್ತಲ್ಲಿ ಗುಬ್ಬಿ ದಿನಾ ಯಾವ ಪರದೆಯಲ್ಲಿ ಇರ್ತಾಳೆ?" ಎಂದು ಕೇಳಿದರು ಇನ್‌ಸ್ಪೆಕ್ಟರಮ್ಮ.

"ಶೋಧಕ ಮನೆ," ಎಂದ ಸೂಪರ್‌ವೈಸರ್. "ಅವತ್ತು ಅಣ್ಣ ಬಂದು ಕೇಳಿದ್ದಕ್ಕೆ ಬಾವಿಯ ಪರದೆಗೆ ಹೋಗಿದ್ಲು. ಸಣ್ಣ ಕೆಲಸ ಅಂತ ಅವನು 'ಆಳು ಇಳಿದಿದ್ದಾನೆ' ಅನ್ನೋ ಕೆಂಪು ಬಿಲ್ಲೆ ಕೂಡ ತಗುಲಿಸಿರಲಿಲ್ಲ ಇಲ್ಲಿ."

"ಯಾರೋ ಬಂದರು," ಎಂದರು ಇನ್‌ಸ್ಪೆಕ್ಟರಮ್ಮ, ತಮ್ಮಷ್ಟಕ್ಕೆ ಹೇಳಿಕೊಳ್ಳುವಂತೆ. "ಗುಬ್ಬಿ ಇರಲಿಲ್ಲ. ಬಾಟಲಿ ಇಲ್ಲಿ ಮೇಜಿನ ಮೇಲಿಟ್ಟರು. ದಿನದ ಹಾಗೆ ಶೋಧಕ ಮನೆಯದೇ ಅಂದ್ಕೊಂಡು ಮಲಗಿದ್ದ ಪರದೆಯನ್ನ ಎಬ್ಬಿಸಿದರು. ಮೂರು ತೆರೆದರು. ಸಿಂಕಿನ ಹತ್ತಿರ ಹೋಗಿ ಕಾದರು. ನೀರು ಬರಲಿಲ್ಲ. ಏನೋ ಕೆಟ್ಟಿದೆ ಅಂದ್ಕೊಂಡು ವಾಪಸ್ ಬಂದು ಮುಚ್ಚಿದರು. ಗುಬ್ಬಿಗೆ ಬೈಗುಳ ಬೀಳಬಾರದು ಅಂತ ಹೇಗಿತ್ತೋ ಹಾಗೇ ಮಲಗಿಸೋಕೆ ನೋಡಿದರು. ಒಂದು ಸಲಕ್ಕೆ ಆಗಲಿಲ್ಲ. ಬಾಟಲಿ ಮರೆತು ಹೋದರು."

"ಲ್ಯಾಬಲ್ಲಿ ಮಂಗಳವಾರ ಡ್ಯೂಟಿ ಯಾರದು?" ಎಂದು ಕೇಳುವ ಅಗತ್ಯ ಯಾರಿಗೂ ಇರಲಿಲ್ಲ. ಗಾಜಿನ ಗೋಡೆಯಾಚೆ ಲ್ಯಾಬು ಕಾಣುತ್ತಿತ್ತು. ಬಾಟಲಿಗಳ ಸಾಲು, ಉಕ್ಕಿನ ಸಿಂಕು, ಎತ್ತರದ ಸ್ಟೂಲು. ಸ್ಟೂಲಿನ ಮೇಲೆ ಒಬ್ಬ ಹೆಂಗಸು ಕೈ ಮಡಿಚಿ ಕೂತಿದ್ದಳು. ಇವತ್ತು ಅವಳಿಗೆ ಕೆಲಸವಿರಲಿಲ್ಲ. ಹೇಳಿಕೆಗೆ ರುಜು ಹಾಕಲು ಕರೆಸಿದ್ದರು. ಬೇರೆಲ್ಲಿ ಕೂರಬೇಕೆಂದು ತೋಚದೆ ಅಭ್ಯಾಸದ ಜಾಗಕ್ಕೆ ಹೋಗಿ ಕೂತಿದ್ದಳು.

ಸತ್ತವನ ಹೆಂಡತಿ. ಗುಬ್ಬಿಯ ಅತ್ತಿಗೆ.

ಮೇಷ್ಟ್ರು ತಲೆಯ ಮೇಲೆ ಕೈ ಹೊತ್ತು ಕೂತುಬಿಟ್ಟರು. "ಅಯ್ಯೋ ಕೂಸೇ," ಎಂದರು. ಇಬ್ಬರಲ್ಲಿ ಯಾರಿಗೆಂದು ತಿಳಿಯಲಿಲ್ಲ.

"ಅವರಿಗೆ ಗೊತ್ತಿಲ್ಲ," ಎಂದ ಸೂಪರ್‌ವೈಸರ್. "ಮೇಡಂ, ಆ ಅಕ್ಕನಿಗೆ ಗೊತ್ತೇ ಇಲ್ಲ. ಗೊತ್ತಿದ್ರೆ ಹೀಗೆ ಕೂತಿರ್ತಿದ್ರಾ?"

"ಗುಬ್ಬಿಗೆ ಗೊತ್ತು. ಅವಳು ವಾಪಸ್ ಬಂದಾಗ ಬಾಟಲಿ ನೋಡಿದಾಳೆ."

ಇನ್‌ಸ್ಪೆಕ್ಟರಮ್ಮ ಇಬ್ಬರನ್ನೂ ಹೊರಗೆ ಕಳಿಸಿದರು. ಗುಬ್ಬಿಯನ್ನು ಒಳಗೆ ಕರೆಸಿಕೊಂಡರು.

ಅವಳು ಬಂದು ತನ್ನದೇ ಕುರ್ಚಿಯ ಪಕ್ಕ ನಿಂತಳು, ಕೂರಲಿಲ್ಲ. ಮುಂಗೈಯಲ್ಲಿ ಉದ್ದಕ್ಕೆ ತರಚಿದ ಗಾಯ. ಬಾವಿಯ ಕಲ್ಲಂಚಿಗೆ ಕೈ ಉಜ್ಜಿ ಉಜ್ಜಿ ಆದದ್ದು. ಅದನ್ನು ನಾಟಕದ ಗಾಯ ಎಂದು ಯಾರೋ ಬರೆದುಕೊಂಡಿದ್ದರು. ಇನ್‌ಸ್ಪೆಕ್ಟರಮ್ಮನಿಗೆ ನಾಚಿಕೆಯಾಯಿತು.

"ಕೂತ್ಕೋಮ್ಮ."

ಕೂರಲಿಲ್ಲ.

"ಟಾರ್ಚ್ ತಗೊಂಡು ಹೋಗಿದ್ದೆ ಅಲ್ವಾ?"

ಗುಬ್ಬಿಯ ಕಣ್ಣು ಮೇಜಿನ ಕೆಳಗೆ, ಟಾರ್ಚಿಲ್ಲದ ಚಾರ್ಜರಿನತ್ತ ಹೋಯಿತು.

"ಅಣ್ಣ ಮಾತಾಡಿಸಿದ್ನಾ?"

ತಲೆ ಹೌದೆಂದಿತು. ಕಣ್ಣು ತುಂಬಿತು. ಅಣ್ಣ ಕೆಳಗಿನಿಂದ ಏನೆಂದು ಕರೆದ, ಏನು ಹೇಳಿದ ಎಂದು ಕೇಳುವ ಹಕ್ಕು ತಮಗಿಲ್ಲವೆಂದು ಇನ್‌ಸ್ಪೆಕ್ಟರಮ್ಮನಿಗೆ ಅನ್ನಿಸಿತು. ಕೇಳಲಿಲ್ಲ. ಅದರ ಬದಲು ಬಾಟಲಿಯನ್ನು ಮೇಜಿನ ಮೇಲೆ ಅವಳತ್ತ ಸರಿಸಿದರು.

ಗುಬ್ಬಿ ಅದನ್ನು ನೋಡಿದಳು. ಗಾಜಿನ ಗೋಡೆಯತ್ತ ನೋಡಿದಳು. ಬಾಟಲಿಯನ್ನು ಎತ್ತಿ, ಚಳಿಯಲ್ಲಿ ಮಗುವಿಗೆ ಹೊದಿಸುವಂತೆ, ತನ್ನ ಶಾಲಿನೊಳಗೆ ಮುಚ್ಚಿಕೊಂಡಳು. ಆಮೇಲೆ ಎರಡೂ ಕೈ ಜೋಡಿಸಿದಳು. ಬೇಡ ಎಂದು ತಲೆಯಾಡಿಸಿದಳು.

"ಅವರು ಬೇಕೂಂತ ಮಾಡಿಲ್ಲ ಕಣಮ್ಮ. ಕಾನೂನಿಗೂ ಅದು ಗೊತ್ತಾಗುತ್ತೆ. ನೀನು ಮಾಡದ ಕೊಲೆಗೆ ಯಾಕೆ ಹೋಗ್ತೀಯಾ? ನಿನಗೆ ಇನ್ನೂ ಬದುಕು ಇದೆ."

ಗುಬ್ಬಿ ಮತ್ತೆ ತಲೆಯಾಡಿಸಿದಳು. ಕಾನೂನಿನ ಮಾತು ಅವಳಿಗೆ ಬೇಕಿರಲಿಲ್ಲ. ಗಂಡನನ್ನು ತನ್ನ ಬೆರಳೇ ಕೊಂದಿತೆಂದು ತಿಳಿದ ಹೆಂಗಸು ಮಾರನೇ ದಿನ ಹೇಗೆ ಏಳುತ್ತಾಳೆ, ಹೇಗೆ ತಲೆ ಬಾಚಿಕೊಳ್ಳುತ್ತಾಳೆ, ಅದೇ ಬೆರಳಿನಿಂದ ಹೇಗೆ ಉಣ್ಣುತ್ತಾಳೆ ಎಂಬುದಕ್ಕೆ ಯಾವ ಕಾನೂನೂ ಉತ್ತರ ಕೊಡುವುದಿಲ್ಲ. ನಾದಿನಿಯನ್ನು ದ್ವೇಷಿಸಿಕೊಂಡಾದರೂ ಆಕೆ ಬದುಕಬಲ್ಲಳು. ಗುಬ್ಬಿ ಈ ಲೆಕ್ಕ ಹಾಕಿ ಮುಗಿಸಿದ್ದಳು.

ಬಾಗಿಲು ತಳ್ಳಿಕೊಂಡು ಅತ್ತಿಗೆ ಒಳಗೆ ಬಂದರು.

"ಬಾಯಿ ಬಿಟ್ಲಾ ಮೇಡಂ?"

"ನೀವು ಹೊರಗೆ ಇರಿ ಅಮ್ಮ, ಕರೀತೀನಿ."

"ಎಷ್ಟು ದಿನ ಹೊರಗಿರಲಿ? ನನ್ನ ಮನೇನೇ ಹೊರಗಾಯ್ತು." ಅತ್ತಿಗೆಯ ದನಿ ಏರಲಿಲ್ಲ. ಅತ್ತು ಅತ್ತು ಒಡೆದ ದನಿ ಅದು, ಏರಲು ಅದರಲ್ಲಿ ಏನೂ ಉಳಿದಿರಲಿಲ್ಲ. "ಗುಬ್ಬಿ, ನನ್ನ ಮುಖ ನೋಡು."

ಗುಬ್ಬಿ ನೋಡಲಿಲ್ಲ.

"ಈ ಮನೆಗೆ ನಾನು ಬಂದಾಗ ನೀನು ಇನ್ನೂ ಜಡೆ ಹಾಕ್ಕೊಳ್ಳೋಕೆ ಬರದೆ ನನ್ನ ಮುಂದೆ ಬಂದು ಕೂರ್ತಿದ್ದೆ. ನಿಮ್ಮಣ್ಣ 'ನನಗಿಂತ ಅವಳೇ ನಿನಗೆ ಹೆಚ್ಚು' ಅಂತ ಹೊಟ್ಟೆಕಿಚ್ಚು ಪಡ್ತಿದ್ರು. ಯಾಕೆ ಮಾಡಿದೆ? ಮದುವೆ ಮುರಿದಿದ್ದಕ್ಕಾ? ಆ ಹುಡುಗ ಸರಿಯಿಲ್ಲ ಅಂತ ವಿಚಾರಿಸ್ಕೊಂಡು ಬಂದವಳು ನಾನು. ಅವರ ಕಿವಿಗೆ ಹಾಕಿದವಳೂ ನಾನು. ಕೋಪ ಇದ್ರೆ ನನ್ನ ಮೇಲೆ ತೀರಿಸ್ಕೋಬೇಕಿತ್ತು."

ಶಾಲಿನೊಳಗೆ ಗುಬ್ಬಿಯ ಕೈ ಬಿಗಿಯಾಯಿತು.

"ಒಂದು ಮಾತು ಹೇಳು, ಸಾಕು. ಆಮೇಲೆ ಅವರು ಎಲ್ಲಿಗಾದ್ರೂ ಕರ್ಕೊಂಡು ಹೋಗ್ಲಿ." ಅತ್ತಿಗೆ ಮೇಜಿನ ಅಂಚು ಹಿಡಿದು ನಿಂತರು. ಇನ್‌ಸ್ಪೆಕ್ಟರಮ್ಮನತ್ತ ತಿರುಗಿದರು. "ಅವತ್ತು ಬೆಳಿಗ್ಗೆಯಿಂದಲೇ ಏನೋ ಸರಿ ಇರಲಿಲ್ಲ ಮೇಡಂ. ಅವರು ತಿಂಡಿ ಅರ್ಧಕ್ಕೇ ಬಿಟ್ಟು ಎದ್ದರು. ಇಲ್ಲಿ ಬಂದ್ರೆ ನನ್ನ ಕೆಲಸವೂ ಕೆಟ್ಟಿತು. ನಲ್ಲಿಯಲ್ಲಿ ಒಂದು ತೊಟ್ಟು ನೀರು ಬರಲಿಲ್ಲ. ನಾನು ಎಷ್ಟು ಹೊತ್ತು ಬಾಟ..."

"ನಾನೇ ತೆಗೆದೆ."

ಮಂಗಳವಾರದಿಂದ ಯಾರೂ ಕೇಳಿರದ ದನಿ. ಒಣಗಿ ಬಿರುಕು ಬಿಟ್ಟಿತ್ತು. ಆದರೂ ಗಟ್ಟಿಯಾಗಿತ್ತು.

ಅತ್ತಿಗೆಯ ಮಾತು ಅರ್ಧಕ್ಕೇ ನಿಂತಿತು.

"ಬರ್ಕೊಳ್ಳಿ ಮೇಡಂ," ಎಂದಳು ಗುಬ್ಬಿ. "ವಾಲ್ವ್ ತೆಗೆದವಳು ನಾನು. ಅಣ್ಣ ಕೆಳಗಿದಾನೆ ಅಂತ ಗೊತ್ತಿತ್ತು. ಕೋಪ ಇತ್ತು. ತೆಗೆದೆ. ರುಜು ಎಲ್ಲಿ ಹಾಕ್ಬೇಕು ಹೇಳಿ."

ಇನ್‌ಸ್ಪೆಕ್ಟರಮ್ಮನ ಪೆನ್ನು ಕಾಗದದ ಮೇಲೆ ನಿಂತಿತು. ಇಳಿಹೊತ್ತಿನ ಬಿಸಿಲು ಕಿಟಕಿಯಿಂದ ಬಂದು ಮೇಜಿನ ಮೇಲೆ ಬಿದ್ದಿತ್ತು. ಕೆಳಗೆ ಅಂಗಳದಲ್ಲಿ ಪೊಲೀಸ್ ವ್ಯಾನಿನ ಚಾಲಕ ಯಾರೊಂದಿಗೋ ಮಾತಾಡುತ್ತಿದ್ದುದು ಕೇಳುತ್ತಿತ್ತು. ಬರೆದುಕೊಂಡರೆ ಮುಗಿಯಿತು. ಮೇಲಿನವರಿಗೆ ಬೇಕಾಗಿದ್ದೂ ಅದೇ, ಈ ಹುಡುಗಿಗೆ ಬೇಕಾಗಿದ್ದೂ ಅದೇ.

"ಇಡೀ ಹೊತ್ತು ಇಲ್ಲೇ ಕೂತಿದ್ದೆ," ಎಂದಳು ಗುಬ್ಬಿ, ಸುಳ್ಳಿಗೆ ಇನ್ನೊಂದು ಗೋಡೆ ಕಟ್ಟುವ ಆತುರದಲ್ಲಿ. "ಅಣ್ಣ ಹೋದಾಗಿನಿಂದ ಎಲ್ಲ ಮುಗಿಯೋ ತನಕ ಈ ಕುರ್ಚಿ ಬಿಟ್ಟು ಎದ್ದಿಲ್ಲ. ಆಮೇಲೆ ಓಡಿ ಹೋದೆ."

ಅತ್ತಿಗೆ ಅವಳನ್ನೇ ನೋಡುತ್ತಿದ್ದರು. ಇಷ್ಟು ದಿನ ಕೇಳಬೇಕೆಂದಿದ್ದ ಮಾತು ಕೊನೆಗೂ ಕಿವಿಗೆ ಬಿದ್ದಿತ್ತು. ಅದು ಹೊಟ್ಟೆಗೆ ಇಳಿಯಲಿಲ್ಲ. ಹುಬ್ಬು ನಿಧಾನಕ್ಕೆ ಗಂಟಿಕ್ಕಿತು.

"ಎದ್ದಿಲ್ವಾ?"

"ಇಲ್ಲ."

"ಸುಳ್ಳು ಹೇಳ್ತಿದೀಯಾ."

"ಅತ್ತಿಗೆ, ನೀವು ಹೊರಗೆ ಹೋಗಿ."

"ಸುಳ್ಳು ಮೇಡಂ ಇದು." ಅತ್ತಿಗೆಯ ದನಿಗೆ ಮೊದಲ ಬಾರಿ ಜೀವ ಬಂತು. "ಇವಳು ಸುಳ್ಳು ಹೇಳುವಾಗ ಹೀಗೇ, ಒಂದಕ್ಕೆ ಎರಡು ಸೇರಿಸ್ತಾಳೆ. ಚಿಕ್ಕಂದಿನಿಂದ ನೋಡಿದೀನಿ. ಆ ಹೊತ್ತಲ್ಲಿ ಇವಳು ಇಲ್ಲಿರಲಿಲ್ಲ. ಕುರ್ಚಿ ಖಾಲಿ ಇತ್ತು. ನನ್ನ ಕಣ್ಣಾರೆ ನೋಡಿದೀನಿ."

"ಅತ್ತಿಗೆ, ನಿಮ್ಮ ಕಾಲಿಗೆ ಬೀಳ್ತೀನಿ, ಹೋಗಿ."

"ಯಾರನ್ನ ಉಳಿಸ್ತಿದೀಯಾ ನೀನು? ಯಾರಿಗೋಸ್ಕರ ಹೀಗೆ ಕತ್ತು ಕೊಡ್ತಿದೀಯಾ?" ಅತ್ತಿಗೆ ಗುಬ್ಬಿಯ ಎರಡೂ ಭುಜ ಹಿಡಿದರು. ಇಷ್ಟು ದಿನ ಶಾಪ ಹಾಕಿದ ಕೈ ಈಗ ತಬ್ಬಿಕೊಳ್ಳಬೇಕೋ ಅಲುಗಿಸಬೇಕೋ ತಿಳಿಯದೆ ಅಲ್ಲೇ ನಿಂತಿತು. "ಮೇಡಂ, ನಾನು ಬರ್ದುಕೊಟ್ಟ ಹೇಳಿಕೆ ಹರಿದುಹಾಕಿ. ಈ ಹುಡುಗಿ ಮಾಡಿಲ್ಲ. ನಾನು ಸಾಕ್ಷಿ ಹೇಳ್ತೀನಿ, ಎಲ್ಲಿಗೆ ಕರೆದ್ರೂ ಬರ್ತೀನಿ. ಮಾಡಿದವರು ಯಾರು ಅಂತ ನೀವು ಹಿಡೀಲೇಬೇಕು. ಅವರು ಯಾರೇ ಆಗಿರಲಿ, ನಾನು ಬಿಡಲ್ಲ."

ಇನ್‌ಸ್ಪೆಕ್ಟರಮ್ಮ ತಮ್ಮ ಕೆಲಸದಲ್ಲಿ ಎಷ್ಟೋ ಪ್ರಶ್ನೆ ಕೇಳಿದವರು. ಕಳ್ಳರಿಗೆ, ಕೊಲೆಗಾರರಿಗೆ, ಎದುರು ಕೂತು ನಗುತ್ತಿದ್ದ ದೊಡ್ಡ ಮನುಷ್ಯರಿಗೆ. ಯಾವ ಪ್ರಶ್ನೆಯೂ ನಾಲಿಗೆಯ ಮೇಲೆ ಇಷ್ಟು ಭಾರವಾಗಿರಲಿಲ್ಲ. ಗುಬ್ಬಿ ಅತ್ತಿಗೆಯ ಭುಜದ ಮೇಲಿನಿಂದ ಅವರನ್ನೇ ನೋಡುತ್ತಿದ್ದಳು. ಬೇಡ, ಬೇಡ ಎನ್ನುತ್ತಿತ್ತು ಆ ಕಣ್ಣು.

ಕೇಳದಿದ್ದರೆ ಏನೂ ಮಾಡದ ಹುಡುಗಿ ಸಂಜೆಯೊಳಗೆ ಆ ವ್ಯಾನು ಹತ್ತುತ್ತಾಳೆ.

"ಖಾಲಿ ಕುರ್ಚಿ ನೋಡಿದ್ರಲ್ಲ ಅಮ್ಮ," ಎಂದರು ಇನ್‌ಸ್ಪೆಕ್ಟರಮ್ಮ. ತಮ್ಮ ದನಿ ತಮಗೇ ಬೇರೆ ಯಾರದೋ ಎನ್ನಿಸಿತು. "ಆಮೇಲೆ ಅದರಲ್ಲಿ ಯಾರಾದ್ರೂ ಕೂತರಾ?"

"ಯಾರು ಕೂರ್ತಾರೆ? ಇಲ್ಲಿ ಯಾರೂ ಇರಲಿಲ್ಲ. ನಾನೇ ಒಂದು ಗಳಿಗೆ..."

ಗುಬ್ಬಿಯ ಅಂಗೈ ಅತ್ತಿಗೆಯ ಬಾಯಿಯನ್ನು ಮುಚ್ಚಿತು.

ಒರಟಾಗಿ ಅಲ್ಲ. ನಿದ್ದೆಗಣ್ಣಲ್ಲಿ ಬೆಚ್ಚಿಬಿದ್ದವರನ್ನು ಸುಮ್ಮನಿರಿಸುವ ಹಾಗೆ. ಅವಳ ಕೆನ್ನೆ ಪೂರ್ತಿ ತೊಯ್ದಿತ್ತು.

ಅತ್ತಿಗೆ ಆ ಕೈಯನ್ನು ತಳ್ಳಲಿಲ್ಲ. ಮೊದಲು ಗುಬ್ಬಿಯ ಮುಖ ನೋಡಿದರು. ಆಮೇಲೆ ಇನ್‌ಸ್ಪೆಕ್ಟರಮ್ಮನ ಮುಖ ನೋಡಿದರು. ಆ ಮುಖದಲ್ಲಿ ಏನು ಕಂಡಿತೋ, ಅವರ ಕಣ್ಣು ಅಲ್ಲೇ ಬಹಳ ಹೊತ್ತು ನಿಂತಿತು. ಕೊನೆಗೆ ನಾದಿನಿಯ ಮಣಿಕಟ್ಟು ಹಿಡಿದು, ಆ ಕೈಯನ್ನು ಬಾಯಿಂದ ಮೆಲ್ಲಗೆ ಕೆಳಗಿಳಿಸಿದರು.

"ಗುಬ್ಬಿ," ಎಂದರು, ಕೇಳಿಸಿಯೂ ಕೇಳಿಸದ ದನಿಯಲ್ಲಿ. "ನನ್ನ ಬಾಯಿ ಯಾಕೆ ಮುಚ್ಚಿದೆ?"